ಮಿಲಿಟರಿ ಲಾರಿಗೆ ಮಂಡ್ಯದ ನಂಬರು!

'ಶೋಲೆ' ನೋಡದವರು ಯಾರಿದ್ದೀರಿ, ಕೈ ಎತ್ತಿ!

ಯಾರೂ ಎತ್ತಲಿಲ್ಲ. ಗೊತ್ತಿತ್ತು ಬಿಡಿ. 1975ರ ಆ ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಮತ್ತು ಧರ್ಮೇಂದ್ರ ಗೆಳೆತನದ ಹಾಡು ಹೇಳಿಕೊಂಡು ಸವಾರಿ ಹೋಗುವ ಸೈಡ್‌ಕಾರ್ ಬೈಕು ನೆನಪಿದೆಯಲ್ಲ? ನಮ್ಮ ರಾಮನಗರದ ಬಂಡೆಗಳನ್ನು ದೇಶಕ್ಕೆಲ್ಲ ತೋರಿಸಿದ ಚಿತ್ರ ಅದು. ಬಂಡೆ ನೋಡಿದೆವು, ಗಬ್ಬರ್‌ಸಿಂಗನನ್ನು ನೋಡಿದೆವು, ಬಸಂತಿಯ ಟಾಂಗಾ ನೋಡಿದೆವು. ಆದರೆ ಆ ಬೈಕಿನ ಜಾತಕ ಎಷ್ಟು ಜನ ಕೇಳಿದೆವು? ಅದು ಬಿ.ಎಸ್.ಎ. ಡಬ್ಲ್ಯು.ಎಂ.20. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸೈನ್ಯಕ್ಕೆಂದು ಲಕ್ಷಕ್ಕೂ ಮೀರಿ ತಯಾರಾದ ಮಾಡೆಲ್ಲು. ಯುದ್ಧ ಮುಗಿಯಿತು, ಸಿಪಾಯಿಗಳು ಮನೆಗೆ ಹೋದರು, ಗಾಡಿಗಳು ಹರಾಜಿಗೆ ಬಂದವು. ಯೂನಿಫಾರಂ ಕಳಚಿದ ಗಾಡಿಗೆ ನಮ್ಮ ಜನ ಇಟ್ಟ ಹೆಸರು ಒಂದೇ: 'ಡಿಸ್ಪೋಸಲ್'.

ಈ ಡಿಸ್ಪೋಸಲ್ ಅನ್ನೋ ಮಾತು ನನ್ನ ಕಿವಿಗೆ ಮತ್ತೆ ಬಿದ್ದದ್ದು ಕಿರುಗಾವಲಿನಲ್ಲಿ.

ಬನ್ನೂರು ಕಡೆಯಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಕಿರುಗಾವಲು ಸಿಗುತ್ತದೆ. ಸುತ್ತ ಭತ್ತ, ಕಬ್ಬು. ಹತ್ತಿರದಲ್ಲೇ ಬಂಡೂರು, ಕುರಿಗೆ ಹೆಸರಾದ ಊರು. ಬಸ್ಸು ತಪ್ಪಿತ್ತು. ಟೀ ಅಂಗಡಿಯಲ್ಲಿ ಕೂತಿದ್ದೆ. ಕೈಯಲ್ಲಿ ನಮ್ಮದೇ ಪತ್ರಿಕೆ. ಅದನ್ನು ನೋಡಿಯೇ ಇರಬೇಕು, ಇಪ್ಪತ್ತೈದರ ಹುಡುಗನೊಬ್ಬ ಪಕ್ಕಕ್ಕೆ ಬಂದು ಕೂತ.

"ಸಾ, ನೀವು ಸಿನಿಮಾ ಪೇಪರ್ನೋರು ಅಲ್ವ್ರಾ? ಶೂಟಿಂಗ್ನೋರು ಮಿಲಿಟ್ರಿ ಲಾರೀನ ಬಾಡಿಗೆಗೆ ತಕ್ಕೋತಾರಾ?"

ಪ್ರಶ್ನೆ ವಿಚಿತ್ರವಾಗಿತ್ತು. ಕೆದಕಿದೆ. ಹುಡುಗ ವಿಷ್ಣುವರ್ಧನ್ ಅಭಿಮಾನಿ. 'ಮುತ್ತಿನಹಾರ' ಬಿಡುಗಡೆಯಾದ 1990ರಲ್ಲಿ ಅವನಿನ್ನೂ ಹುಟ್ಟಿರಲಿಲ್ಲ, ಆದರೆ ಟೀವಿಯಲ್ಲಿ ಎಷ್ಟು ಸಲ ನೋಡಿದ್ದಾನೋ ಅವನಿಗೇ ಲೆಕ್ಕವಿಲ್ಲ. ವಿಷ್ಣು ಯೂನಿಫಾರಂ ಹಾಕಿ ನಿಂತ ಚಿತ್ರ ಅವನ ಮೊಬೈಲಿನ ಮೇಲೆ. ಈಗ ಒಂದು ಶಕ್ತಿಮಾನ್ ಲಾರಿ ಮಾರಾಟಕ್ಕಿದೆಯಂತೆ, ಪಕ್ಕದ ಜಿಲ್ಲೆಯ ಒಂದು ಗ್ಯಾರೇಜಿನಲ್ಲಿ. ಸುಗ್ಗಿಯಲ್ಲಿ ಕಬ್ಬು ಹೊಡೆಯೋದು, ಮಿಕ್ಕ ದಿನ ಹುಲ್ಲು, ಇಟ್ಟಿಗೆ, ಅದೃಷ್ಟ ಇದ್ದರೆ ಶೂಟಿಂಗ್. ರೇಟು ಕಡಿಮೆ. ಚೀಟಿ ಎತ್ತಿದ್ದಾನೆ. ಸಾಲದ್ದಕ್ಕೆ ಅವ್ವನ ಓಲೆ ಬ್ಯಾಂಕಿನಲ್ಲಿಟ್ಟಿದ್ದಾನೆ. ನಾಳೆ ಅಡ್ವಾನ್ಸು ಕೊಡಬೇಕು.

"ಪೇಪರ್ರು?" ಅಂದೆ.

"ಮಾಡ್ಸ್ಕೊಡ್ತೀನಿ ಅಂದವ್ನೆ ಸಾ ಬ್ರೋಕರ್ರು."

ಎದುರು ಬೆಂಚಿನಿಂದ ಒಂದು ನಗು ಕೇಳಿಸಿತು. ನೆಟ್ಟಗೆ ಕೂತ ಮುದುಕರು. ಬಿಳಿ ಮೀಸೆ, ಇಸ್ತ್ರಿ ಮಾಡಿದ ಖಾಕಿ ಅಂಗಿ. ಇ.ಎಂ.ಇ.ಯಲ್ಲಿ, ಅಂದರೆ ಸೈನ್ಯದ ಗಾಡಿ, ಯಂತ್ರ ರಿಪೇರಿ ಮಾಡುವ ದಳದಲ್ಲಿ ಹವಾಲ್ದಾರ್ ಆಗಿದ್ದು ನಿವೃತ್ತರಾದವರು. ಹುಡುಗನಿಗೆ ದೂರದ ಸಂಬಂಧದಲ್ಲಿ ಮಾವ.

"ಲೇ ಮಗ, ಲಾರಿ ಕೊಂಡ್ಕೊಳೋದು ಅಂದ್ರೆ ಕಬ್ಬಿಣ ಕೊಂಡ್ಕೊಳೋದಲ್ಲ ಕಣ್ಲಾ. ಕಾಗದ ಕೊಂಡ್ಕೊಳೋದು. ಕಬ್ಬಿಣ ಅದರ ಜೊತೆ ಬತ್ತದೆ."

ಮಾತು ಆಡಿ ಸುಮ್ಮನಾಗುವ ಗಿರಾಕಿ ಅಲ್ಲ ಅವರು. ಅವರ ಹಿತ್ತಲಿಗೆ ಕರೆದುಕೊಂಡು ಹೋದರು. ಹೊಂಗೆ ಮರದ ಕೆಳಗೆ ಆಕಾಶ ನೀಲಿ ಬಣ್ಣ ಬಳಿದ ಒಂದು ನಿಸಾನ್ ಒನ್ ಟನ್ ಟ್ರಕ್ಕು! ನಂಬರ್ ಪ್ಲೇಟಿನ ಮೇಲೆ ಕೆಎ-11. ಮಂಡ್ಯ!

ಈ ರಸ್ತೆಗೆ ಮಿಲಿಟರಿ ಸಾಮಾನು ಹೊಸದೇನಲ್ಲ, ಬಿಡಿ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವಿನ ಸೈನ್ಯಕ್ಕೂ ಇಂಗ್ಲಿಷರಿಗೂ ಕದನ ನಡೆಯಿತಲ್ಲ, ಆಗ ಎರಡೂ ಕಡೆಯ ಫಿರಂಗಿ ಎಳೆದದ್ದು ಎತ್ತುಗಳು. ಆ ಕಾಲದ ಫೋರ್ ವೀಲ್ ಡ್ರೈವ್ ಅಂದರೆ ಅಮೃತ ಮಹಲ್ ಎತ್ತು. ಡೀಸೆಲ್ ಬೇಡ, ಆರ್.ಸಿ. ಬುಕ್ಕೂ ಬೇಡ!

ನೀಲಿ ಟ್ರಕ್ಕಿನ ಕಥೆ

ಮೊದಲು ಗಾಡಿಗಳ ಪರಿಚಯ ಮಾಡಿಬಿಡೋಣ. ಶಕ್ತಿಮಾನ್ ಅಂದರೆ ಜರ್ಮನಿಯ 'ಮಾನ್' ಕಂಪನಿಯ ಲೈಸೆನ್ಸಿನ ಮೇಲೆ 1959ರಿಂದ ಜಬಲ್ಪುರದಲ್ಲಿ ತಯಾರಾದ ಲಾರಿ. ಸಿಪಾಯಿಗಳ ಬಾಯಲ್ಲಿ 'ಥ್ರೀ ಟನ್ನರ್'. 1996ಕ್ಕೆ ಅದರ ತಯಾರಿ ನಿಂತಿತು. ಜಪಾನಿನ ನಿಸಾನ್ ವಿನ್ಯಾಸದ ಒನ್ ಟನ್ ಟ್ರಕ್ಕು ಮತ್ತು ಅದರ ತಮ್ಮ ಜೋಂಗಾ ಕೂಡ ಜಬಲ್ಪುರದವೇ. ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು, ಸುಮಾರು ನಾಲ್ಕು ಸಾವಿರ ಸಿ.ಸಿ. ದನಿ ಕೇಳಿದರೆ ರೋಮಾಂಚನ. ಪೆಟ್ರೋಲ್ ಬಂಕಿನ ಬಿಲ್ಲು ನೋಡಿದರೆ ಬೇರೆ ಥರದ ರೋಮಾಂಚನ.

ಹವಾಲ್ದಾರ್ರು ಈ ಟ್ರಕ್ಕನ್ನು ಹರಾಜಿನಲ್ಲಿ ಹಿಡಿದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ಇಂಥ ಸರ್ಕಾರಿ ಮಾಲಿನ ವಿಲೇವಾರಿಗೆ ಡಿ.ಜಿ.ಎಸ್. ಅಂಡ್ ಡಿ. ಅನ್ನೋ ಇಲಾಖೆ ಇತ್ತು. 2017ರ ಅಕ್ಟೋಬರ್ 31ಕ್ಕೆ ಅದರ ಬಾಗಿಲು ಮುಚ್ಚಿತು. ಈಗ ಎಂ.ಎಸ್.ಟಿ.ಸಿ. ಎಂಬ ಸರ್ಕಾರಿ ಕಂಪನಿಯ ಮೂಲಕ ಕಂಪ್ಯೂಟರಿನಲ್ಲೇ ಹರಾಜು ನಡೆಯುತ್ತದೆ. ಕಾಲ ಬದಲಾದರೂ ಷರತ್ತು ಬದಲಾಗಿಲ್ಲ: ಮಾಲು ಎಲ್ಲಿದೆಯೋ ಅಲ್ಲಿಂದ, ಹೇಗಿದೆಯೋ ಹಾಗೆ ಎತ್ತಿಕೊಂಡು ಹೋಗಬೇಕು. ಎಂಜಿನ್ ಒಳಗೆ ಪಿಸ್ಟನ್ನೇ ಇಲ್ಲದಿದ್ದರೂ ಆಮೇಲೆ ಯಾರನ್ನೂ ಕೇಳುವಂತಿಲ್ಲ.

ಸೈನ್ಯ ಒಂದು ಗಾಡಿಯನ್ನು ಯಾಕೆ ಕೈಬಿಡುತ್ತದೆ? "ಬಿ.ಇ.ಆರ್." ಅಂತಾರೆ ಅವರ ಭಾಷೆಯಲ್ಲಿ. ರಿಪೇರಿ ಖರ್ಚು ಗಾಡಿಯ ಬೆಲೆಗೆ ಸರಿಹೋಗದು ಅಂತ ಅರ್ಥ. "ಸೈನ್ಯಕ್ಕೆ ಸರಿಹೋಗದು, ನಂಗೆ ಸರಿಹೋಯ್ತದೆ ಅಂದ್ಕೊಂಡೆ" ಅಂತ ನಕ್ಕರು ಹವಾಲ್ದಾರ್ರು.

ಟ್ರಕ್ಕು ಊರಿಗೆ ಬಂದದ್ದು ಇನ್ನೊಂದು ಲಾರಿಯ ಬಾಲ ಹಿಡಿದುಕೊಂಡು. ಏರ್ ಕ್ಲೀನರ್ ಬಿಚ್ಚಿದರೆ ಇಲಿ ಸಂಸಾರ! ವೈರಿಂಗೆಲ್ಲ ಇಲಿ ತಿಂದಿತ್ತು. ಬಹಳಷ್ಟು ಮಿಲಿಟರಿ ಗಾಡಿಗಳಿಗೆ 24 ವೋಲ್ಟಿನ ಕರೆಂಟು. ಅಂಗಡಿಯ ಮಾಮೂಲಿ 12 ವೋಲ್ಟಿನ ಬಲ್ಬು ಹಾಕಿದರೆ ಒಂದು ಸಲ ಮಿಂಚಿ ಢಮಾರ್. ಎರಡು ಬ್ಯಾಟರಿಯನ್ನು ಸಾಲಾಗಿ ಜೋಡಿಸಬೇಕು.

ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಸೀದಾ ಸೆಲ್ಫ್ ಹೊಡೆಯುವುದು ಮಹಾ ಅಪರಾಧ ಅಂತಾರೆ ಹವಾಲ್ದಾರ್ರು. ಪಿಸ್ಟನ್ ರಿಂಗು ಸಿಲಿಂಡರಿಗೆ ತುಕ್ಕಿನಲ್ಲಿ ಅಂಟಿಕೊಂಡಿರುತ್ತದೆ. ಜಗ್ಗಿದರೆ ರಿಂಗು ಮುರಿಯುತ್ತದೆ, ಸಿಲಿಂಡರು ಗೀರಿಹೋಗುತ್ತದೆ. ಅವರು ಮಾಡಿದ್ದು ಹೀಗೆ: ಪ್ಲಗ್ ಆರನ್ನೂ ಬಿಚ್ಚಿದರು. ಒಂದೊಂದು ತೂತಿಗೂ ಎಂಜಿನ್ ಆಯಿಲ್ಲು, ಸೀಮೆಎಣ್ಣೆ ಬೆರೆಸಿ ಸುರಿದರು. ವಾರ ಬಿಟ್ಟರು. ದಿನಕ್ಕೊಂದು ಸಲ ಹ್ಯಾಂಡಲ್ ಹಾಕಿ ಮೆತ್ತಗೆ ಅಲ್ಲಾಡಿಸಿದರು. ಆರನೇ ದಿನ ಒಂದು ಇಂಚು ತಿರುಗಿತು. "ಅವತ್ತು ನಮ್ಮನೇಲಿ ಒಬ್ಬಟ್ಟು!"

ಪೆಟ್ರೋಲ್ ಟ್ಯಾಂಕು ಇಳಿಸಿ, ಒಳಗೆ ಚೈನಿನ ತುಂಡು ಮತ್ತು ಜಲ್ಲಿ ಹಾಕಿ ಇಬ್ಬರು ಹುಡುಗರು ಅರ್ಧ ದಿನ ಕುಲುಕಿದರು. ಕೆಂಪು ನೀರು, ಕೆಂಪು ನೀರು, ಆಮೇಲೆ ತಿಳಿ. ಬ್ರೇಕಿನದೇ ದೊಡ್ಡ ರಾಮಾಯಣ. ಗಾಡಿ ಓಡದಿದ್ದರೆ ಮನೆಯಲ್ಲಿ ನಿಲ್ಲುತ್ತದೆ, ಬ್ರೇಕ್ ಹಿಡಿಯದಿದ್ದರೆ ಎಲ್ಲಿ ನಿಲ್ಲುತ್ತದೋ ಗೊತ್ತಿಲ್ಲ. ಪ್ರತಿ ಚಕ್ರದ ಬ್ರೇಕ್ ಸಿಲಿಂಡರೂ ತುಕ್ಕು ಹಿಡಿದು ಕೂತಿತ್ತು. ರಬ್ಬರ್ ಕಿಟ್ಟಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಸಿಕ್ಕದ ಸಾಮಾನಿಗೆ ಶಿವಾಜಿನಗರದ ಗುಜರಿ. ಎಷ್ಟು ಸಲ ಬಸ್ಸು ಹತ್ತಿದರೋ! ಕ್ಲಚ್ ಪ್ಲೇಟು ಫ್ಲೈವೀಲಿಗೆ ಕಚ್ಚಿಕೊಂಡಿತ್ತು. ಟೈರುಗಳು ನೋಡಲು ಹೊಸದು, ಪಕ್ಕದಲ್ಲಿ ಮಾತ್ರ ಬಿಸಿಲಿಗೆ ಬಿರುಕು. ಇಂಥ ಟೈರಿನ ಮೇಲೆ ಲೋಡು ಹಾಕಿದವನು ಗಟ್ಟಿಗನಲ್ಲ, ದಡ್ಡ.

ಫೋರ್ ವೀಲ್ ಬಗ್ಗೆ ನಮ್ಮ ಹುಡುಗರಿಗೆ ಒಂದು ಭ್ರಮೆ ಇದೆ. ಸಿನಿಮಾದಲ್ಲಿ ಹೀರೋ ಲಿವರ್ ಎಳೆದ ಕೂಡಲೇ ಜೀಪು ಹಾರುತ್ತದಲ್ಲ! ನಿಜದಲ್ಲಿ ಒಣ ಟಾರು ರಸ್ತೆಯಲ್ಲಿ ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟರೆ ಗಾಡಿ ಮುನಿಸಿಕೊಳ್ಳುತ್ತದೆ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಈ ಹಳೇ ಗಾಡಿಗಳಲ್ಲಿ ಆ ವ್ಯತ್ಯಾಸಕ್ಕೆ ಜಾಗವಿಲ್ಲ. ಸ್ಟೀರಿಂಗ್ ಕಲ್ಲಾಗುತ್ತದೆ, ಟೈರು ತಿಕ್ಕುತ್ತದೆ, ಗೇರು ನರಳುತ್ತದೆ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಗದ್ದೆ ಬದಿಯಲ್ಲಿ ಟ್ರಾಕ್ಟರೇ ಹೂತಾಗ ಈ ನೀಲಿ ಟ್ರಕ್ಕು ಎಳೆದು ಹಾಕಿದ್ದುಂಟಂತೆ. ಪೆಟ್ರೋಲಿನ ಲೆಕ್ಕ ಕೇಳಬೇಡಿ. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಕೊಟ್ಟರೆ ಪುಣ್ಯ.

ಬಾಣದ ಗುರುತು ಹೋಗಬೇಕು

ರಿಪೇರಿ ಆಯಿತು. ಇನ್ನು ನಂಬರು.

ಸೈನ್ಯದ ಗಾಡಿಯ ಪ್ಲೇಟು ನೋಡಿದ್ದೀರಲ್ಲ, ಮೇಲ್ಮುಖ ಮಾಡಿದ ಒಂದು ಬಾಣ, ಆಮೇಲೆ ವರ್ಷದ ಎರಡು ಅಂಕಿ. ಆ ನಂಬರು ಕೊಡುವುದು ಆರ್.ಟಿ.ಓ. ಅಲ್ಲ, ಸೈನ್ಯವೇ. 1988ರ ಮೋಟಾರು ವಾಹನ ಕಾಯ್ದೆಯ 60ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಅದೇ ಸೆಕ್ಷನ್ ಇನ್ನೊಂದು ಮಾತೂ ಹೇಳುತ್ತದೆ: ಗಾಡಿ ಕೇಂದ್ರ ಸರ್ಕಾರದ ಕೈ ಬಿಟ್ಟಿತೋ, 39 ಮತ್ತು 40ನೇ ಸೆಕ್ಷನ್ ಕೂಡಲೇ ಅನ್ವಯ. ಅಂದರೆ ನಿಮ್ಮ ನನ್ನ ಗಾಡಿಯ ಹಾಗೆ ಅದೂ ರಿಜಿಸ್ಟರ್ ಆಗಬೇಕು, ಮಾಲೀಕ ವಾಸವಿರುವ ಅಥವಾ ವ್ಯವಹಾರ ಮಾಡುವ ಕಡೆ. ಇಪ್ಪತ್ತು ವರ್ಷ ಗಡಿಯಲ್ಲಿ ದುಡಿದು ಬಂದಿದ್ದರೂ ಆರ್.ಟಿ.ಓ. ಲೆಕ್ಕದಲ್ಲಿ ಅದು ಇನ್ನೂ ನಾಮಕರಣವಾಗದ ಕೂಸು.

ಕೂಸಿಗೆ ಜನನ ಪತ್ರ ಬೇಕಲ್ಲ? ಅದೇ ಫಾರಂ 21. ಹೊಸ ಗಾಡಿಗೆ ಷೋರೂಮಿನವರು ಕೊಡುವ ಮಾರಾಟ ಪತ್ರವೂ ಅದೇ ಫಾರಂ. ಮಿಲಿಟರಿ ಹರಾಜಿನ ಗಾಡಿಗೆ ಅದನ್ನು ಕೊಡಬೇಕಾದವರು ರಕ್ಷಣಾ ಇಲಾಖೆಯ ಅಧಿಕಾರಿ. 1989ರ ಕೇಂದ್ರ ನಿಯಮಗಳ 47ನೇ ನಿಯಮದಲ್ಲಿ ಸ್ಪಷ್ಟವಾಗಿದೆ, ಒರಿಜಿನಲ್ಲೇ ಬೇಕು. ಜೆರಾಕ್ಸ್ ಅಲ್ಲ, ಸ್ಟಾಂಪ್ ಪೇಪರಿನ ಕರಾರು ಅಲ್ಲ, "ನಮ್ಮ ಕಡೆ ಜನ ಅವ್ರೆ" ಅನ್ನೋ ಮಾತೂ ಅಲ್ಲ! ಅದರ ಜೊತೆ ಫಾರಂ 20ರ ಅರ್ಜಿ, ಇನ್ಷೂರೆನ್ಸು, ವಿಳಾಸದ ದಾಖಲೆ, ಫೀಜು, ತೆರಿಗೆ. ಹರಾಜಿನಲ್ಲಿ ಗುಜರಿ ಅಂತ ಮಾರಿದ ಲಾಟು ಇದ್ದರೆ ಈ ಮಾತೇ ಇಲ್ಲ. ಅದು ಬಿಡಿ ಸಾಮಾನಿಗಷ್ಟೇ ಲಾಯಕ್ಕು.

ಹವಾಲ್ದಾರ್ರ ಹತ್ತಿರ ಫಾರಂ 21 ಒರಿಜಿನಲ್ ಇತ್ತು. ಮಗಳ ಮದುವೆ ಫೋಟೋ ಆಲ್ಬಮ್ಮಿನ ಜೊತೆ ಟ್ರಂಕಿನಲ್ಲಿಟ್ಟಿದ್ದರು. ಗಾಡಿಗೆ ಹೊಚ್ಚ ಹೊಸ ಪೇಂಟ್ ಹೊಡೆಸಿ, ಹಾರ ಹಾಕಿ, ಎದೆಯುಬ್ಬಿಸಿ ತಪಾಸಣೆಗೆ ತೆಗೆದುಕೊಂಡು ಹೋದರು. ವಾಪಸ್!

ಯಾಕೆ? ಹೊಡೆಸಿದ್ದ ಪೇಂಟು ಆಲಿವ್ ಹಸಿರು. ಸೈನ್ಯದ ಅಭಿಮಾನ! ಆದರೆ 121ನೇ ನಿಯಮದ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ಗಾಡಿಗೆ ಮಾತ್ರ. ನಮ್ಮ ಹುಡುಗರು ಜೀಪಿಗೆ ಆ ಬಣ್ಣ ಬಳಿದು, ಮೇಲೊಂದು ನಕ್ಷತ್ರ ಬರೆದು ಜಾತ್ರೆಗೆ ಹೋಗುತ್ತೀರಲ್ಲ, ಸ್ವಲ್ಪ ನೋಡಿಕೊಳ್ಳಿ. ಪೇಂಟಿನ ಅಂಗಡಿಯಲ್ಲಿ ಆವತ್ತು ಅಗ್ಗವಾಗಿ ಸಿಕ್ಕಿದ್ದು ಆಕಾಶ ನೀಲಿ. "ಬಳೆಗಾರನ ಪೆಟ್ಟಿಗೆ ಇದ್ದಂಗದೆ" ಅಂದರಂತೆ ಮನೆಯಾಕೆ. ಈಗಲೂ ಅನ್ನುತ್ತಾರಂತೆ.

ಎರಡನೇ ಸಲ ಹೋದಾಗ ಇನ್ಸ್‌ಪೆಕ್ಟರು ಬಣ್ಣ ನೋಡಿದರು, ಬ್ರೇಕ್ ನೋಡಿದರು. ಆಮೇಲೆ ಷಾಸಿಯ ಮೇಲಿನ ನಂಬರಿನ ಮೇಲೆ ಒಂದು ತೆಳು ಕಾಗದ ಒತ್ತಿ ಪೆನ್ಸಿಲ್ ಉಜ್ಜಿದರು. ಅಂಕಿಗಳು ಒಂದೊಂದಾಗಿ ಕಾಗದಕ್ಕೆ ಏಳುತ್ತವೆ. ಅದನ್ನು ಫಾರಂ 21ರ ಪಕ್ಕ ಹಿಡಿದು ಓದಿದರು. "ಆ ಒಂದ್ ನಿಮಿಷ ನಾನು ಉಸಿರೇ ಬುಟ್ಟಿರ್ಲಿಲ್ಲ" ಅಂದರು ಹವಾಲ್ದಾರ್ರು. ಅಂಕಿ ಸರಿಹೋಯಿತು.

ಇಲ್ಲಿ ಇನ್ನೊಂದು ಗಂಟು ಇದೆ. 'ನನ್ನ ಕಬ್ಬು, ನನ್ನ ಲಾರಿ, ಪರ್ಮಿಟ್ಟು ಯಾಕೆ' ಅಂತ ಕೇಳುವವರಿದ್ದಾರೆ. ಸಾಮಾನು ಸಾಗಿಸುವ ಗಾಡಿಯ ಒಟ್ಟು ತೂಕ 3000 ಕೆ.ಜಿ. ಒಳಗಿದ್ದರೆ ಕಾಯ್ದೆಯ 66ನೇ ಸೆಕ್ಷನ್ ಪರ್ಮಿಟ್ ಕೇಳುವುದಿಲ್ಲ. ಒನ್ ಟನ್ ಟ್ರಕ್ಕೇ ತುಂಬಿದಾಗ ಆ ಗೆರೆ ದಾಟುತ್ತದೆ, ಶಕ್ತಿಮಾನ್ ಮಾತು ಬೇಡವೇ ಬೇಡ. ಪರ್ಮಿಟ್ಟು, ಫಿಟ್ನೆಸ್ಸು ಎರಡೂ ಬೇಕು. ಹಳೇ ಗಾಡಿಗಳ ಫಿಟ್ನೆಸ್ ಫೀಜು 2022ರ ಏಪ್ರಿಲ್‌ನಿಂದ ಒಂದೇ ನೆಗೆತಕ್ಕೆ ಮೇಲೇರಿದೆ. ಪೆಟ್ರೋಲ್ ಎಂಜಿನ್ ಕಿತ್ತು ಮೆಟಡೋರ್ ಡೀಸೆಲ್ ಕೂರಿಸುವ ಹಳೇ ವಿದ್ಯೆ ನಮ್ಮ ಮೇಸ್ತ್ರಿಗಳಿಗೆ ಚೆನ್ನಾಗಿ ಗೊತ್ತು. ಆದರೆ 52ನೇ ಸೆಕ್ಷನ್ ಪ್ರಕಾರ ಮೊದಲೇ ಒಪ್ಪಿಗೆ ಪಡೆಯದೆ ಹಾಗೆ ಮಾಡುವಂತಿಲ್ಲ. ತಯಾರಕರು ಕೊಟ್ಟ ಸ್ವರೂಪವನ್ನು ಬದಲಿಸಬೇಡಿ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಗಟ್ಟಿಯಾಗಿ ಹೇಳಿದೆ.

ಹುಡುಗ ಇಷ್ಟೂ ಹೊತ್ತು ನೆಲ ಕೆರೆಯುತ್ತ ಕೂತಿದ್ದ. "ನಾಳೆ ನೀವೂ ಬನ್ನಿ ಮಾವ" ಅಂದ. ನನ್ನ ಕಡೆ ತಿರುಗಿ, "ನೀವೂವೆ ಸಾ."

ಗ್ಯಾರೇಜಿನಲ್ಲಿ

ಹೋದೆವು. ಯಾವ ಊರು, ಯಾರ ಗ್ಯಾರೇಜು ಅಂತ ಕೇಳಬೇಡಿ.

ಶಕ್ತಿಮಾನ್ ನಿಂತಿತ್ತು ಸ್ವಾಮಿ, ಆನೆ ನಿಂತ ಹಾಗೆ! ಉದ್ದ ಮೂತಿ, ದಪ್ಪ ಬಂಪರು, ಗುಂಡು ಹೆಡ್‌ಲೈಟು. ಮೇಸ್ತ್ರಿ ಸೆಲ್ಫ್ ಒತ್ತಿದ. ಒಂದೇ ಏಟಿಗೆ ಸ್ಟಾರ್ಟು. ಹೊಗೆ ಒಂದು ಸಲ ಕಪ್ಪಗೆ ಬಂತು, ಆಮೇಲೆ ತಿಳಿಯಾಯಿತು. ಎಂಜಿನ್ನಿನ ಗುಡುಗಿಗೆ ಶೆಡ್ಡಿನ ತಗಡು ನಡುಗಿತು. ಹುಡುಗನ ಮುಖ ನೋಡಬೇಕಿತ್ತು, ಮೊದಲ ದಿನ ಮೊದಲ ಆಟದಲ್ಲಿ ಹೀರೋ ಎಂಟ್ರಿ ಆದಾಗ ಇರುತ್ತದಲ್ಲ, ಹಾಗೆ. ಕೈ ಆಗಲೇ ಜೇಬಿಗೆ ಹೋಗಿತ್ತು.

ಹವಾಲ್ದಾರ್ರು ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಸೀಮೆಎಣ್ಣೆ ಬಟ್ಟೆ ಮತ್ತು ತಂತಿ ಬ್ರಷ್ ಹಿಡಿದು ಗಾಡಿಯ ಕೆಳಗೆ ತೂರಿದರು. ಆ ವಯಸ್ಸಿನಲ್ಲಿ! ಹತ್ತು ನಿಮಿಷ ಉಜ್ಜಿದರು. ಕೆಳಗಿನಿಂದಲೇ ಕೈ ಚಾಚಿ, "ಪೇಪರ್ ತಾ" ಅಂದರು. ಬ್ರೋಕರು ಕೊಟ್ಟದ್ದು ಜೆರಾಕ್ಸು, ಅದೂ ಜೆರಾಕ್ಸಿನ ಜೆರಾಕ್ಸು. ಹರಾಜಿನಲ್ಲಿ ಕೊಂಡವನ ಹೆಸರು ಬೇರೆ, ಈಗ ಮಾರುವವನ ಹೆಸರು ಬೇರೆ. ನಡುವೆ ಎಷ್ಟು ಕೈ ದಾಟಿದೆಯೋ. ಯಾರೂ ರಿಜಿಸ್ಟರ್ ಮಾಡಿಸಿಲ್ಲ.

"ಎಂಜಿನ್ ನಂಬರ್ ಬೇರೆ ಅದೆ" ಅಂತ ಕೂಗಿದರು ಹವಾಲ್ದಾರ್ರು. ಬ್ರೋಕರ್ ಗಾಬರಿಯಾದ. "ಅದ್ರದ್ದೇನಿಲ್ಲ ಬುಡು, ವರ್ಕ್‌ಶಾಪಲ್ಲಿ ಎಂಜಿನ್ ಬದಲಾಯಿಸೋದು ನಾವೇ. ಆದ್ರೆ ಹರಾಜಿನ ಕಾಗದದಲ್ಲಿ ಈಗಿರೋ ನಂಬರೇ ಇರ್ಬೇಕು." ಬ್ರೋಕರ್ ಅರ್ಧ ನಕ್ಕ. ಮತ್ತೆ ಕೆಳಗಿನಿಂದ ದನಿ: "ಷಾಸಿ ನಂಬರಲ್ಲಿ ಕೊನೇ ಎರಡಂಕಿ ಹೊಸದಾಗಿ ಹೊಡ್ದವ್ರೆ."

ನಾನೂ ಬಗ್ಗಿ ನೋಡಿದೆ. ಮೊದಲ ಅಂಕಿಗಳೆಲ್ಲ ಪೆರೇಡಿನ ಸಿಪಾಯಿಗಳ ಹಾಗೆ ಒಂದೇ ಸಾಲಿನಲ್ಲಿದ್ದವು. ಕೊನೆಯ ಎರಡು ಮಾತ್ರ ಕುಡಿದವರ ಹಾಗೆ ವಾಲಿದ್ದವು. ಸುತ್ತಲಿನ ಕಬ್ಬಿಣವನ್ನು ತಿಕ್ಕಿ ತೆಳ್ಳಗೆ ಮಾಡಿದ್ದರು.

"ಸಣ್ಣ ವಿಷ್ಯ ಯಜಮಾನ್ರೇ, ಆಫೀಸಲ್ಲಿ ಹೇಳಿ ಮಾಡಿಸ್ತೀನಿ" ಅಂದ ಬ್ರೋಕರು.

ಹವಾಲ್ದಾರ್ರು ಎದ್ದು ಅಂಗಿಯ ಧೂಳು ಕೊಡವಿಕೊಂಡರು. ಬ್ರೋಕರನಿಗೆ ಒಂದು ಮಾತೂ ಆಡಲಿಲ್ಲ. ಹುಡುಗನಿಗೆ ಹೇಳಿದರು: "ಇದನ್ನ ರೋಡಿಗೆ ಇಳಿಸ್ದೆ ಅಂದ್ಕೊ. ಹಿಡಿದ್ರೆ 207ನೇ ಸೆಕ್ಷನ್ನಲ್ಲಿ ಗಾಡಿ ಸ್ಟೇಷನ್ನಿಗೆ. ಅದು ಹೋಗ್ಲಿ. ಯಾರಿಗಾದ್ರೂ ತಗುಲ್ತು ಅಂದ್ಕೊ. ರಿಜಿಸ್ಟ್ರೇಷನ್ ಇಲ್ಲ, ಇನ್ಷೂರೆನ್ಸ್ ಇಲ್ಲ. ಪರಿಹಾರ ಎಲ್ಲಿಂದ ಕೊಟ್ಟೀಯೆ? ನಿಮ್ಮಪ್ಪನ ಗದ್ದೆಯಿಂದ. ಈ ನಂಬರು ಯಾವ್ದೋ ಕದ್ದ ಗಾಡೀದು ಅಂತ ಆಯ್ತೋ, ಆಮೇಲೆ ನಿನ್ನನ್ನ ಬಿಡ್ಸಕ್ಕೆ ನಾನು ಬರ್ಬೇಕು."

ಹುಡುಗ ಶಕ್ತಿಮಾನ್ ಕಡೆ ನೋಡಿದ. ಎಂಜಿನ್ ಇನ್ನೂ ಓಡುತ್ತಲೇ ಇತ್ತು. ಎಂಥಾ ದನಿ! ಮೇಸ್ತ್ರಿ ಪಾಪ, ಅವನ ತಪ್ಪೇನಿಲ್ಲ, ಚೆನ್ನಾಗಿಯೇ ರಿಪೇರಿ ಮಾಡಿದ್ದ. ಹುಡುಗ ಜೇಬಿನಿಂದ ಕೈ ತೆಗೆದ. ಬರಿಗೈ. "ಆಫ್ ಮಾಡಣ್ಣ, ಡೀಸೆಲ್ ದಂಡ" ಅಂದ.

ಬಸ್ಸಿನಲ್ಲಿ ಮೂವರೂ ಹಿಂದಿನ ಸೀಟಿನಲ್ಲಿ ಕೂತೆವು. ಬಹಳ ಹೊತ್ತು ಮಾತಿಲ್ಲ. ಬನ್ನೂರು ದಾಟಿದ ಮೇಲೆ ಹವಾಲ್ದಾರ್ರೇ ಬಾಯಿಬಿಟ್ಟರು. ಎಂ.ಎಸ್.ಟಿ.ಸಿ. ಹರಾಜಿನ ಪಟ್ಟಿ ನೋಡುತ್ತಿರು, ಗುಜರಿ ಲಾಟು ಯಾವುದು, ಓಡಿಸಬಹುದಾದ ಗಾಡಿ ಯಾವುದು ಅಂತ ಮೊದಲು ಓದು, ನೋಡಲು ಬಿಡುವ ದಿನ ನನ್ನನ್ನೂ ಕರಿ ಅಂದರು. ಮೊದಲು ನಾಳೆ ಹೋಗಿ ಅವ್ವನ ಓಲೆ ಬಿಡಿಸಿಕೊಂಡು ಬಾ ಅಂತಲೂ ಸೇರಿಸಿದರು.

ಹುಡುಗ ಹೂಂಗುಟ್ಟಿದ. ಕಿರುಗಾವಲು ಬಂತು. ಇಳಿದ ಮೇಲೆ ಕಿಟಕಿಯ ಹತ್ತಿರ ಬಂದು ನಿಂತ.

"ಆದ್ರೂ ಸಾ, ಶೂಟಿಂಗ್ನೋರು ದಿನಕ್ಕೆ ಎಷ್ಟು ಕೊಟ್ಟಾರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ.